ಕಡಲ ಕಡೆಯಿಂದ ಬಂದದ್ದೆಲ್ಲ ಉಪ್ಪಲ್ಲ

ಕಾಸರಗೋಡಿನ ಕರಾವಳಿಯಲ್ಲಿ ಗಾಳಿಯಲ್ಲಿರುವ ಕಣಗಳನ್ನು ಹಿಡಿದು ಅಳೆಯುವುದು ನನ್ನ ಕೆಲಸ. ಕುಂಬಳೆಯ ಹತ್ತಿರ, ಕಡಲಿಗೆ ಮುಖ ಮಾಡಿದ ಒಂದು ಮನೆಯ ತಾರಸಿ ಮೇಲೆ ನಮ್ಮ ಯಂತ್ರಗಳಿವೆ. ಲೆಕ್ಕ ಹಾಕುವ ವಿಜ್ಞಾನಿಗಳು ಬೇರೆ ಊರಲ್ಲಿದ್ದಾರೆ. ಫಿಲ್ಟರ್ ಬದಲಿಸುವುದು, ತುಕ್ಕು ಹಿಡಿದ ಸ್ಕ್ರೂ ಜೊತೆ ಜಗಳ ಆಡುವುದು, ದಾಖಲೆ ಪುಸ್ತಕ ಬರೆಯುವುದು ನಮ್ಮ ಪಾಲು. ಊರಿನವರಿಗೆ ನಾವು "ಗಾಳಿ ಮಿಷನಿನವರು".

ಹೊಸದಾಗಿ ಸೇರುವ ಹುಡುಗರು ಮೊದಲ ವಾರವೇ ಒಂದು ತೀರ್ಮಾನಕ್ಕೆ ಬರುತ್ತಾರೆ. ಗಾಳಿ ಕಡಲಿಂದ ಬರುತ್ತಿದೆ, ಹಾಗಾದರೆ ಫಿಲ್ಟರ್ ಮೇಲೆ ಇರುವುದು ಕಡಲ ಉಪ್ಪು. ನಾನು ಕೇಳುವುದು ಒಂದೇ ಪ್ರಶ್ನೆ: ತೂಗಿ ಹೇಳ್ತಾ ಇದ್ದೀಯೋ, ಎಣಿಸಿ ಹೇಳ್ತಾ ಇದ್ದೀಯೋ?

ತೂಗಿದರೆ ಅವರ ಮಾತು ಹೆಚ್ಚುಕಡಿಮೆ ಸರಿ. ಎಣಿಸಿದರೆ ಚಿತ್ರವೇ ಬೇರೆ. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಗಲದ ಕಣಕ್ಕೂ ಅದರ ಹತ್ತನೇ ಒಂದು ಭಾಗ ಅಗಲದ ಕಣಕ್ಕೂ ತೂಕದಲ್ಲಿ ಸಾವಿರ ಪಟ್ಟು ವ್ಯತ್ಯಾಸ. ಒಂದು ಗೋಣಿಯಲ್ಲಿ ಹಲಸಿನ ಹಣ್ಣೂ ಒಂದು ಹಿಡಿ ಸಾಸಿವೆಯೂ ಇದ್ದ ಹಾಗೆ. ತಕ್ಕಡಿಗೆ ಹಲಸು ಮಾತ್ರ ಕಾಣುತ್ತದೆ. ಆದರೆ ಮೋಡಕ್ಕೆ ಬೇಕಾದ ಲೆಕ್ಕ ಸಾಸಿವೆಯದು. ಮೋಡದ ಪ್ರತಿ ಹನಿಯೂ ಒಂದು ಕಣದ ಮೇಲೆ ಕೂತು ಬೆಳೆಯುತ್ತದೆ. ಇರುವಷ್ಟೇ ನೀರು ಜಾಸ್ತಿ ಕಣಗಳಿಗೆ ಹಂಚಿಹೋದರೆ ಹನಿಗಳು ಸಣ್ಣದಾಗುತ್ತವೆ, ಮೋಡ ಇನ್ನೂ ಬೆಳ್ಳಗೆ ಕಾಣುತ್ತದೆ, ಬಿಸಿಲು ಜಾಸ್ತಿ ಹಿಂದಕ್ಕೆ ಹೋಗುತ್ತದೆ.

ಇಷ್ಟು ಸಣ್ಣದನ್ನು ಎಣಿಸುವುದು ಹೇಗೆ? ಸ್ಕಾಟ್ಲೆಂಡಿನ ಜಾನ್ ಐಟ್ಕನ್ 1880ರ ದಶಕದಲ್ಲೇ ದಾರಿ ತೋರಿಸಿದರು. ಕಣ ಕಾಣದಿದ್ದರೆ ಅದರ ಮೇಲೆ ನೀರಾವಿ ಕೂರಿಸಿ ಹನಿ ಮಾಡಿ, ಆ ಹನಿಯನ್ನು ಎಣಿಸಿ. ನಮ್ಮ ಎಣಿಕೆ ಯಂತ್ರವೂ ಇದನ್ನೇ ಮಾಡುತ್ತದೆ. ನೀರಿನ ಬದಲು ಬ್ಯುಟನಾಲ್ ಅನ್ನುವ ಆಲ್ಕೋಹಾಲ್, ಭೂತಗನ್ನಡಿಯ ಬದಲು ಲೇಸರ್. ಆ ಬ್ಯುಟನಾಲ್ ವಾಸನೆ ಮಾತ್ರ ಅಂಗಿಗೆ ಹತ್ತಿದರೆ ಮನೆವರೆಗೂ ಬರುತ್ತದೆ.

ಇನ್ನು ಈ ಕಣಗಳು ಹುಟ್ಟುವುದು ಎಲ್ಲಿ ಅನ್ನುವ ವಿಷಯ. ಉಪ್ಪಿನ ಕಣದ ಹುಟ್ಟು ಎಲ್ಲರ ಕಣ್ಣೆದುರೇ ಇದೆ. ತೆರೆ ಒಡೆಯುವಾಗ ಗಾಳಿ ನೀರಿನೊಳಗೆ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಗುಳ್ಳೆ ಮೇಲೆ ಬಂದು ಒಡೆದಾಗ ಅದರ ತೆಳು ಪೊರೆ ಹರಿದು ಸಣ್ಣ ಹನಿಗಳು ಸಿಡಿಯುತ್ತವೆ. ಗುಳ್ಳೆ ಇದ್ದ ಗುಳಿಯಿಂದ ಒಂದು ನೀರಿನ ಎಳೆ ಮೇಲಕ್ಕೆ ಚಿಮ್ಮಿ ಕೆಲವು ದೊಡ್ಡ ಹನಿಗಳನ್ನು ಎಸೆಯುತ್ತದೆ. ಹನಿ ಒಣಗಿದರೆ ಉಪ್ಪು ಉಳಿಯುತ್ತದೆ, ಜೊತೆಗೆ ನೀರಿನ ಮೇಲೆ ತೇಲುವ ಜೀವಿಗಳ ಜಿಡ್ಡೂ ಸ್ವಲ್ಪ ಇರುತ್ತದೆ. ನಮ್ಮ ತಾರಸಿಗೆ ದಡದ ತೆರೆಯೇ ಹತ್ತಿರ. ಹಾಗಾಗಿ ಇಲ್ಲಿ ಸಿಗುವ ಉಪ್ಪನ್ನು ನೋಡಿ ನಡುಗಡಲಿನಲ್ಲೂ ಇಷ್ಟೇ ಅಂದುಕೊಳ್ಳಬಾರದು.

ಎರಡನೆಯ ಹುಟ್ಟು ಕಣ್ಣಿಗೆ ಕಾಣುವುದಿಲ್ಲ. ಕಡಲಿನ ಸೂಕ್ಷ್ಮ ಪಾಚಿಗಳಿಂದ, ಅಂದರೆ ನಮ್ಮ ಬೂತಾಯಿ ಮೀನು ತಿಂದು ಕೊಬ್ಬುತ್ತದಲ್ಲ, ಅದೇ ಪಾಚಿಗಳಿಂದ, ಡೈಮೀಥೈಲ್ ಸಲ್ಫೈಡ್ ಅನ್ನುವ ಗಂಧಕದ ಅನಿಲ ಬರುತ್ತದೆ. ಕಡಲಿನ ವಾಸನೆಯಲ್ಲಿ ಇದರ ಪಾಲೂ ಇದೆ. ಬಿಸಿಲಿರುವ ಗಾಳಿಯಲ್ಲಿ ಅದು ಬದಲಾಗುತ್ತಾ ಕೊನೆಗೆ ಗಂಧಕಾಮ್ಲವಾಗುತ್ತದೆ. ಆ ಆಮ್ಲದ ಅಣುಗಳು ಒಂದಕ್ಕೊಂದು ಅಂಟಿಕೊಂಡು ಹೊಸ ಕಣವೇ ಹುಟ್ಟಬಹುದು. ಇದು ನೀರಿನ ಮೇಲ್ಮೈ ಹತ್ತಿರ ಆಗುವುದು ಕಡಿಮೆ. ಅಲ್ಲಿ ಉಪ್ಪಿನ ಕಣಗಳೇ ಆಮ್ಲವನ್ನು ಹೀರಿಕೊಂಡುಬಿಡುತ್ತವೆ. ಮೋಡಗಳ ಮೇಲಿನ ತಣ್ಣನೆಯ, ಚೊಕ್ಕ ಗಾಳಿಯಲ್ಲಿ ಹುಟ್ಟಿ, ಬೆಳೆಯುತ್ತಾ ನಿಧಾನಕ್ಕೆ ಕೆಳಗಿಳಿಯುವುದೇ ಜಾಸ್ತಿ. ಐರ್ಲೆಂಡಿನ ಮೇಸ್ ಹೆಡ್‌ನಂಥ ಕಡೆ ಇಳಿತದ ಹೊತ್ತಿಗೆ ಬಯಲಾಗುವ ದೊಡ್ಡ ಪಾಚಿಗಳಿಂದ ಅಯೋಡಿನ್ ಬಂದು, ಅದರಿಂದಲೂ ಕಣ ಹುಟ್ಟುವುದನ್ನು ನೋಡಿದ್ದಾರೆ.

1987ರಲ್ಲಿ ನಾಲ್ಕು ವಿಜ್ಞಾನಿಗಳು ಆ ಗಂಧಕದ ಅನಿಲದ ಮೇಲೆ ಒಂದು ದೊಡ್ಡ ಊಹೆ ಕಟ್ಟಿದರು. ಪಾಚಿ ಅನಿಲ ಬಿಟ್ಟು ಮೋಡವನ್ನು ಬೆಳ್ಳಗೆ ಮಾಡುತ್ತದೆ, ಹಾಗೆ ಭೂಮಿಯ ಬಿಸಿಯನ್ನೇ ಹಿಡಿತದಲ್ಲಿ ಇಡುತ್ತದೆ ಅಂತ. ಕೇಳಲು ಚಂದ. ನನಗೂ ಇಷ್ಟವೇ. ಆದರೆ ಕಣಗಳಿಗೆ ಬೇರೆ ಮೂಲಗಳೂ ಬಹಳ ಇವೆ ಅಂತ ಗೊತ್ತಾಗುತ್ತಾ ಹೋದ ಹಾಗೆ ಆ ಊಹೆಯ ಬಿಗಿ ಸಡಿಲವಾಯಿತು. ಉಪ್ಪಿನ ವಾದಕ್ಕೂ ಅದೇ ಗತಿ. ಹಲವು ಕಡಲುಗಳಲ್ಲಿ ಹಡಗಿನಿಂದ ಅಳೆದದ್ದನ್ನು ಒಟ್ಟು ಮಾಡಿದ 2017ರ ಒಂದು ಅಧ್ಯಯನ ಹೇಳುವುದು ಹೀಗೆ: ಮೋಡದ ಹನಿಗೆ ಬೀಜವಾಗುವ ಕಣಗಳಲ್ಲಿ ತೆರೆಯಿಂದ ಸಿಡಿದದ್ದು ಬಹುತೇಕ ಕಡೆ ನೂರಕ್ಕೆ 30ಕ್ಕಿಂತ ಕಡಿಮೆ. ತೀರಾ ದಕ್ಷಿಣದ ಕಡಲು ಮಾತ್ರ ಹೊರತು.

ನಮ್ಮ ಊರಿನ ಗಾಳಿಗೆ ಇನ್ನೊಂದು ಗುಣ ಇದೆ. ಚಳಿಗಾಲದಲ್ಲಿ ರಾತ್ರಿ ನೆಲದ ಗಾಳಿ ಕಡಲಿಗೆ ಇಳಿಯುತ್ತದೆ. ಬಚ್ಚಲ ಒಲೆಯ ತೆಂಗಿನ ಮಡಲಿನ ಹೊಗೆ, ತೋಟದ ಸುಡುಮಣ್ಣಿನ ಹೊಗೆ, ಹೆದ್ದಾರಿಯ ಲಾರಿ ಹೊಗೆ ಎಲ್ಲವೂ ಅದರ ಜೊತೆ ಹೋಗುತ್ತದೆ. ಮಾರನೇ ದಿನ ಹೊತ್ತೇರಿದ ಮೇಲೆ ಗಾಳಿ ತಿರುಗುತ್ತದೆ, ಹೋದದ್ದರಲ್ಲಿ ಒಂದು ಪಾಲು ವಾಪಸು ಬರುತ್ತದೆ. ಗಾಳಿಕೋಳಿ ಪಶ್ಚಿಮ ತೋರಿಸುತ್ತದೆ. ಎಣಿಕೆ ಯಂತ್ರ ಒಂದು ಘನ ಸೆಂಟಿಮೀಟರಿಗೆ ಸಾವಿರಗಟ್ಟಲೆ ತೋರಿಸುತ್ತದೆ. ಚೊಕ್ಕ ನಡುಗಡಲಿನಲ್ಲಿ ಇದು ಕೆಲವೇ ನೂರು ಇರುತ್ತದೆ. ಮನೆಯ ಯಜಮಾನರಿಗೆ ಇದನ್ನು ವಿವರಿಸಿದಾಗ ಅವರು ನಕ್ಕರು: "ಅಂದ್ರೆ ನಮ್ಮ ಬಚ್ಚಲ ಹೊಗೆಯನ್ನೇ ನೀವು ಕಡಲ ಗಾಳಿ ಅಂತ ಅಳೆಯುವುದಾ ಮಾರಾಯ್ರೇ?" ಬರೀ ದಿಕ್ಕು ನೋಡಿದರೆ ಹಾಗೇ ಆಗುತ್ತದೆ ಅಂದೆ. ದೊಡ್ಡ ಮಟ್ಟದಲ್ಲಿ ಇದೇ ಕಥೆಯನ್ನು 1999ರ ಹಿಂದೂ ಮಹಾಸಾಗರ ಪ್ರಯೋಗ ತೋರಿಸಿತು. ಜನವರಿಯಿಂದ ಮಾರ್ಚ್‌ವರೆಗೆ ನೆಲದ ಹೊಗೆಯ ಮಬ್ಬು ದಡದಿಂದ ಬಹಳ ದೂರದವರೆಗೆ ಕಡಲ ಮೇಲೆ ಹರಡಿತ್ತು.

ಹಾಗಾಗಿ ಮೂಲ ಹೇಳಬೇಕಾದರೆ ರಸಾಯನ ಬೇಕು. ಕಡಲ ನೀರಿನಲ್ಲಿ ಒಂದು ಗ್ರಾಂ ಸೋಡಿಯಂ ಇದ್ದರೆ ಸಲ್ಫೇಟ್, ಅಂದರೆ ಗಂಧಕಾಮ್ಲದ ಲವಣ ರೂಪ, ಸುಮಾರು ಕಾಲು ಗ್ರಾಂ ಇರುತ್ತದೆ. ಫಿಲ್ಟರಿನಲ್ಲಿ ಅದಕ್ಕಿಂತ ಜಾಸ್ತಿ ಸಲ್ಫೇಟ್ ಸಿಕ್ಕಿದರೆ ಆ ಜಾಸ್ತಿ ಪಾಲು ತೆರೆಯದ್ದಲ್ಲ. ಪಾಚಿಯ ಅನಿಲದಿಂದ ಆಗುವ ಮೀಥೇನ್ ಸಲ್ಫೋನಿಕ್ ಆಮ್ಲ ಇದ್ದರೆ ಅದು ಪಾಚಿಯ ಗುರುತು. ಪೊಟ್ಯಾಸಿಯಂ ಜಾಸ್ತಿ ಇದ್ದರೆ ಕಟ್ಟಿಗೆ, ಮಡಲಿನ ಹೊಗೆ. ವನೇಡಿಯಂ, ನಿಕಲ್ ಲೋಹಗಳು ಇದ್ದರೆ ಹಡಗಿನ ಭಾರೀ ಎಣ್ಣೆಯ ಮೇಲೆ ಅನುಮಾನ. 2020ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು ನೂರಕ್ಕೆ 3.5ರಿಂದ 0.5ಕ್ಕೆ ಇಳಿಸಿದ ಮೇಲೆ ಎಣ್ಣೆಯೇ ಬದಲಾಗಿದೆ, ಈ ಗುರುತನ್ನು ಮೊದಲಿನಷ್ಟು ನಂಬುವ ಹಾಗಿಲ್ಲ. ನಮ್ಮ ದಾಖಲೆ ಪುಸ್ತಕದಲ್ಲಿ "ಸುತ್ತಮುತ್ತ ಏನು ಉರಿಯುತ್ತಿತ್ತು" ಅಂತ ಒಂದು ಕಾಲಂ ಇದೆ. ಅಚ್ಚಾದ ಫಾರಂನಲ್ಲಿ ಇರಲಿಲ್ಲ, ಪೆನ್ನಿನಲ್ಲಿ ಗೆರೆ ಎಳೆದು ನಾವೇ ಸೇರಿಸಿದ್ದು.

ಕಡಲ ಪ್ರಶ್ನೆಗೆ ಕಡಲೇ ಉತ್ತರ ಕೊಡುವ ಕಾಲ ಮಳೆಗಾಲ. ಆಗ ಗಾಳಿ ಸಾವಿರಾರು ಕಿಲೋಮೀಟರ್ ನೀರಿನ ಮೇಲೆಯೇ ಬಂದಿರುತ್ತದೆ. ದಡದ ಹತ್ತಿರ ಆಳದ ತಣ್ಣೀರು ಮೇಲೆದ್ದು ಪಾಚಿಯೂ ಹುಲುಸಾಗಿರುತ್ತದೆ. ಯಂತ್ರಗಳಿಗೆ ಮಾತ್ರ ಅದು ಕೆಟ್ಟ ಕಾಲ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪಿನ ಕಣ ನೀರು ಕುಡಿದು ಹನಿಯಾಗುತ್ತದೆ, 80ರ ಹೊತ್ತಿಗೆ ಅಗಲ ಸುಮಾರು ಎರಡು ಪಟ್ಟು. ಒಣಗಿಸದೆ ಅಳೆದರೆ ಸಣ್ಣ ಕಣ ದೊಡ್ಡದರ ಪಟ್ಟಿಗೆ ಹೋಗುತ್ತದೆ. ಅದಕ್ಕೆ ಗಾಳಿ ಒಳಗೆ ಬರುವ ಕೊಳವೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇವೆ. ಆಷಾಢದಲ್ಲಿ ಆ ನೀಲಿ ಹರಳು ನೋಡುನೋಡುತ್ತಲೇ ಗುಲಾಬಿಯಾಗುತ್ತದೆ. ಬಿಸಿಲಿಗೆ ಹಾಕೋಣ ಅಂದರೆ ಬಿಸಿಲಿಲ್ಲ. ಓವನ್‌ನಲ್ಲಿ ಒಣಗಿಸೋಣ ಅಂದರೆ ಕರೆಂಟ್ ಇಲ್ಲ. ಜೂನ್ ಬರುವ ಮೊದಲೇ ಒಣಗಿಸಿದ ಜೆಲ್ಲನ್ನು ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿಡಿ, ಇನ್ವರ್ಟರ್ ಬ್ಯಾಟರಿಯ ನೀರು ನೋಡಿಡಿ.