ಕಡಿಮೆ ಬೆಲೆಯ ಫ್ರೆಟ್‌ಲೆಸ್ ಬೇಸ್: ದುಡ್ಡು ಹಾಕಬೇಕಾದ್ದು ಬೋರ್ಡಿಗೆ, ಪಿಕಪ್ಪಿಗಲ್ಲ

ರಿಪೇರಿ ಬೆಂಚಿಗೆ ಬರುವ ಅಗ್ಗದ ಫ್ರೆಟ್‌ಲೆಸ್ (ಸ್ವರದ ಜಾಗದಲ್ಲಿ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿ ಇಲ್ಲದ) ಬೇಸ್ ಗಿಟಾರ್‌ಗಳ ದೂರು ಹೆಚ್ಚುಕಡಿಮೆ ಒಂದೇ: "ನಾದವೇ ಬರ್ತಿಲ್ಲ, ಸತ್ತ ಹಾಗಿದೆ. ಒಳ್ಳೆ ಪಿಕಪ್ ಹಾಕಿಕೊಡಿ." ತಂತಿಯ ಕಂಪನ ಹಿಡಿಯುವ ಆ ಪಿಕಪ್ ಬಿಚ್ಚುವ ಮೊದಲು, ಬೆರಳು ಒತ್ತುವ ಬೋರ್ಡಿನ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ನೋಡಬೇಕು. ತೊಂದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ, ಇಲ್ಲವಾದರೆ ನಟ್‌ನಲ್ಲಿ, ಅಂದರೆ ಬೋರ್ಡಿನ ತಲೆಯ ಕಡೆ ತಂತಿ ಕೂರುವ ಪಟ್ಟಿಯಲ್ಲಿ.

ಫ್ರೆಟ್ ಇರುವ ಗಿಟಾರಿನಲ್ಲಿ ತಂತಿ ಮುಟ್ಟುವುದು ಲೋಹದ ನೆತ್ತಿಯನ್ನು ಮಾತ್ರ. ಎರಡು ಫ್ರೆಟ್‌ಗಳ ನಡುವೆ ಮರ ಸ್ವಲ್ಪ ತಗ್ಗಿದ್ದರೂ ಉಬ್ಬಿದ್ದರೂ ಯಾರಿಗೂ ಗೊತ್ತಾಗದು. ಫ್ರೆಟ್‌ಲೆಸ್‌ನಲ್ಲಿ ಆ ಮರೆ ಇಲ್ಲ, ಇಡೀ ಬೋರ್ಡೇ ಫ್ರೆಟ್. ಜನ ಹುಡುಕಿಕೊಂಡು ಬರುವ ಆ "ಮ್ವಾ" ನಾದ ಹುಟ್ಟುವುದು ತಂತಿ ಬೆರಳಿನ ಮುಂದಿನ ಮರಕ್ಕೆ ಬಲು ಸಣ್ಣ ಕೋನದಲ್ಲಿ ಸವರಿಕೊಂಡು ಕಂಪಿಸಿದಾಗ. ತಂಬೂರಿಯ ಕುದುರೆಯ ಮೇಲೆ ದಾರ ಸರಿಸಿ ಜವಾರಿ ಎಂಬ ಝೇಂಕಾರ ಕೂರಿಸುವಾಗ ನಡೆಯುವುದೂ ಇದೇ. ಬೋರ್ಡಿನಲ್ಲಿ ಒಂದು ಕಡೆ 0.2 ಮಿ.ಮೀ. ಉಬ್ಬಿದ್ದರೆ ಅದರ ಹಿಂದಿನ ಸ್ವರಗಳೆಲ್ಲ ಅಲ್ಲಿಗೆ ಬಡಿದು ಗೊರಗುಟ್ಟುತ್ತವೆ. ಅದನ್ನು ತಪ್ಪಿಸಲು ಆಕ್ಷನ್, ಅಂದರೆ ಬೋರ್ಡಿನಿಂದ ತಂತಿಯ ಎತ್ತರ, ಏರಿಸಿದರೆ ನಾದ ಸಾಯುತ್ತದೆ. ಎಂಥ ದುಬಾರಿ ಪಿಕಪ್ಪೂ ಇದನ್ನು ಸರಿಮಾಡದು.

ಹಾಗಾಗಿ ಕೊಳ್ಳುವಾಗ ನೆಕ್ (ಬೋರ್ಡ್ ಕೂರುವ ಉದ್ದನೆಯ ಕತ್ತು) ನೋಡಿ ಕೊಳ್ಳಿ. 34 ಇಂಚಿನ, ಅಂದರೆ 863.6 ಮಿ.ಮೀ. ಸ್ಕೇಲಿನ (ನಟ್‌ನಿಂದ ಬ್ರಿಜ್‌ವರೆಗೆ ಕಂಪಿಸುವ ತಂತಿಯ ಉದ್ದ) ಬೇಸ್‌ನಲ್ಲಿ ನಟ್‌ನಿಂದ 20ನೇ ಫ್ರೆಟ್ ಜಾಗಕ್ಕೆ ಸುಮಾರು 592 ಮಿ.ಮೀ. ಹಾರ್ಡ್‌ವೇರ್ ಅಂಗಡಿಯ 60 ಸೆಂ.ಮೀ. ಉಕ್ಕಿನ ಸ್ಕೇಲ್ ಸಾಕು, ಆದರೆ ಅದರ ಅಂಚೇ ನೆಟ್ಟಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಕಾಗದದ ಮೇಲೆ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಸ್ಕೇಲನ್ನು ಮಗುಚಿ ಅದೇ ಅಂಚಿನಿಂದ ಅದೇ ಗೆರೆಯ ಮೇಲೆ ಮತ್ತೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಅಂಚು ನೆಟ್ಟಗಿದೆ. ಆ ಅಂಚನ್ನು ತಂತಿಗಳ ನಡುವೆ ಬೋರ್ಡಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ನಡುವಿನಲ್ಲಿ ಒಂದೇ ಸಮನೆ ತೆಳುವಾಗಿ ಬೆಳಕು ಕಂಡರೆ ಅದು ನೆಕ್‌ನ ಬಾಗು, ನೆಕ್‌ನೊಳಗಿನ ಹೊಂದಿಸುವ ಸರಳಾದ ಟ್ರಸ್ ರಾಡ್‌ನಿಂದ ಸರಿಹೋಗುತ್ತದೆ. ಬೆಳಕು ಅಲ್ಲಲ್ಲಿ ಕಂಡು ಅಲ್ಲಲ್ಲಿ ಮುಚ್ಚಿಹೋದರೆ ಬೋರ್ಡ್ ಅಲೆಅಲೆಯಾಗಿದೆ ಎಂದರ್ಥ. 15ನೇ ಜಾಗದ ಆಚೆ, ನೆಕ್ ಬಾಡಿಗೆ ಸೇರುವಲ್ಲಿ ಬೋರ್ಡ್ ಮೇಲೆದ್ದಿದ್ದರೆ ಟ್ರಸ್ ರಾಡ್ ಏನೂ ಮಾಡದು, ಮರವನ್ನೇ ಉಜ್ಜಿ ಇಳಿಸಬೇಕು. ಆ ಮಜೂರಿಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ನೆಕ್ ತಿರುಚಿಕೊಂಡಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಸೆಕೆಂಡ್‌ಹ್ಯಾಂಡ್ ಆದರೆ ಇನ್ನೆರಡು ಪರೀಕ್ಷೆ. ಟ್ರಸ್ ರಾಡ್ ಎರಡೂ ದಿಕ್ಕಿಗೆ ಕಾಲು ಸುತ್ತು ತಿರುಗಬೇಕು. ತಂತಿಗಳ ಕೆಳಗೆ ಉಗುರು ಆಡಿಸಿ ನೋಡಿ, ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಬೋರ್ಡ್ ಉಜ್ಜದೆ ಗತಿಯಿಲ್ಲ.

ಬೋರ್ಡ್ ಯಾವ ಮರದ್ದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. 2017ರ ಜನವರಿಯಲ್ಲಿ ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಬೀಟೆ ಜಾತಿಯ ಮರಗಳೆಲ್ಲ ನಿರ್ಬಂಧಕ್ಕೆ ಬಂದ ಮೇಲೆ ಅಗ್ಗದ ಗಿಟಾರ್‌ಗಳಿಗೆ ಇಂಡಿಯನ್ ಲಾರೆಲ್ ಹಾಕುವುದು ಹೆಚ್ಚಾಯಿತು. ಅದು ನಮ್ಮ ಪಶ್ಚಿಮ ಘಟ್ಟದ ಮತ್ತಿ ಮರವೇ. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಲಾರೆಲ್ ಉಳಿದುಕೊಂಡಿತು. ಗಿಟಾರ್ ಕಂಪನಿ ಫೆಂಡರ್‌ನ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್‌ನ ಕ್ಲಾಸಿಕ್ ವೈಬ್ ಸಾಲಿನ ಫ್ರೆಟ್‌ಲೆಸ್ ಜಾಝ್ ಬೇಸ್‌ನಲ್ಲಿರುವುದು ಇದೇ ಮರ, ಫ್ರೆಟ್ ಜಾಗದಲ್ಲಿ ಬಿಳಿ ಗೆರೆಗಳೊಂದಿಗೆ. ಅದಕ್ಕೂ ಹಿಂದಿನ ವಿಂಟೇಜ್ ಮಾಡಿಫೈಡ್ ಸಾಲಿನಲ್ಲಿ ಎಬೊನಾಲ್ ಎಂಬ ಕೃತಕ ಬೋರ್ಡ್ ಇತ್ತು. ಗಟ್ಟಿ, ಬೇಗ ಸವೆಯದು. ಅದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ.

ಫ್ರೆಟ್‌ಲೆಸ್ ಸಿಗದೆ, ಇರುವ ಬೇಸ್‌ನ ಫ್ರೆಟ್ ಕೀಳಿಸಲು ಬರುವವರೇ ಹೆಚ್ಚು. ಬೋಲ್ಟ್‌ನಿಂದ ಕೂರಿಸಿದ ನೆಕ್ ಇದ್ದು, ಅಂಚಿಗೆ ಬೈಂಡಿಂಗ್ ಪಟ್ಟಿ ಇಲ್ಲದಿದ್ದರೆ ಕೆಲಸ ಸಲೀಸು. ಫ್ರೆಟ್‌ಗೆ ಸಾಲ್ಡರಿಂಗ್ ಐರನ್ನಿನಿಂದ ಬಿಸಿ ಕೊಡಿ, ಅಂಟು ಸಡಿಲವಾಗುತ್ತದೆ. ಬಾಯಿಯನ್ನು ಚಪ್ಪಟೆಯಾಗಿ ಉಜ್ಜಿಕೊಂಡ ಎಂಡ್ ಕಟರನ್ನು ಒಂದು ತುದಿಯಿಂದ ಫ್ರೆಟ್ ಅಡಿಗೆ ತೂರಿಸಿ, ಹಿಡಿ ಒತ್ತುತ್ತಾ ಇಷ್ಟಿಷ್ಟೇ ಮುಂದೆ ಸಾಗಿ. ಮೇಲಕ್ಕೆ ಎಳೆದಿರೋ, ಮರದ ಚೂರು ಎದ್ದು ಬರುತ್ತದೆ. ಬಂದರೆ ಅದೇ ಚೂರನ್ನು ಅಲ್ಲೇ ಅಂಟಿಸಿಬಿಡಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಕಿತ್ತ ಮೇಲೆ ಉಳಿಯುವ ಸೀಳಿನ ಅಗಲ ಸುಮಾರು 0.6 ಮಿ.ಮೀ. ಅದಕ್ಕೆ ತಕ್ಕ ವೆನೀರ್ (ತೆಳು ಮರದ ಹಾಳೆ) ಪಟ್ಟಿ, ಇಲ್ಲವೇ ಬಿಳಿ ಸ್ಟೈರೀನ್ ಹಾಳೆಯ ಪಟ್ಟಿ ಇಳಿಸಿ, ತೆಳು ಸೂಪರ್ ಗ್ಲೂ ಬಿಡಬೇಕು. ಮರದ ಪುಡಿ ಮತ್ತು ಅಂಟು ತುರುಕಿ ಮುಗಿಸುವವರಿದ್ದಾರೆ. ನೋಡಲು ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಒಳಗೆ. ಫ್ರೆಟ್‌ನ ಕಾಲುಗಳು ಇಷ್ಟು ದಿನ ಸೀಳುಗಳನ್ನು ಒತ್ತಿ ಹಿಡಿದು ನೆಕ್ ಮುಂದಕ್ಕೆ ಬಾಗದಂತೆ ತಡೆಯುತ್ತಿದ್ದವು. 20 ಸೀಳುಗಳೂ ಸಡಿಲ ಉಳಿದರೆ ತಂತಿ ಎಳೆದ ಕೂಡಲೇ ನೆಕ್ ಮುಂದಕ್ಕೆ ಬಾಗಿ, ಟ್ರಸ್ ರಾಡ್ ಕೊನೆಯವರೆಗೆ ತಿರುಗಿಸಿದರೂ ವಾಪಸ್ ಬರುವುದಿಲ್ಲ. ಪಟ್ಟಿಯನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವಷ್ಟು ಬಿಗಿ ಮಾಡಿದರೆ ಹಿಂದಕ್ಕೆ ಬಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಇಳಿಯಬೇಕು, ತಾನಾಗಿ ಬೀಳಬಾರದು.

ಅಂಟು ಪೂರ್ತಿ ಒಣಗಿದ ಮೇಲೆ ಪಟ್ಟಿಯ ಹೆಚ್ಚುವರಿಯನ್ನು ಉಳಿಯಲ್ಲಿ ಕೆತ್ತಿ, ಬೋರ್ಡಿನ ದುಂಡಿಗೆ ಹೊಂದುವ ರೇಡಿಯಸ್ ಬ್ಲಾಕಿನಲ್ಲಿ 150ರಿಂದ ಶುರುಮಾಡಿ 220, 320, 400, 600ರವರೆಗೆ ಸ್ಯಾಂಡ್ ಪೇಪರ್ ಹೊಡೆಯಬೇಕು. ಬ್ಲಾಕ್ ಯಾವಾಗಲೂ ಉದ್ದಕ್ಕೇ ಓಡಲಿ. ದುಂಡು 9.5 ಇಂಚಿನದೋ 12 ಇಂಚಿನದೋ ಎಂದು ಗೇಜ್ ಇಟ್ಟು ನೋಡದೆ ಬ್ಲಾಕ್ ಮುಟ್ಟಬೇಡಿ. ಬೀಟೆಯ ಧೂಳು ಹಲವರಿಗೆ ಅಲರ್ಜಿ, ಸೂಪರ್ ಗ್ಲೂ ಹೊಗೆ ಕಣ್ಣಿಗೆ ಉರಿ. ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ.

ಬೋರ್ಡಿಗೆ ಎಪಾಕ್ಸಿ ಲೇಪ ಬೇಕೇ ಎಂಬ ಪ್ರಶ್ನೆಗೆ ಉತ್ತರ ತಂತಿಯಲ್ಲಿದೆ. ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ 1962ರ ಜಾಝ್ ಬೇಸ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದದ್ದು ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ, ಒರಟು) ತಂತಿ ಮರವನ್ನು ಕಡಿಯದಿರಲಿ ಎಂದು. ನೀವು ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ, ನುಣುಪು) ತಂತಿ ಹಾಕುವವರಾದರೆ ಆ ಖರ್ಚು ಬೇಕಿಲ್ಲ. ಲೇಪ ಬೇಕೇ ಬೇಕು ಎಂದರೂ ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟು ತರಬೇಡಿ, ಹರಡಿ ಸಮವಾಗುವ ಮೊದಲೇ ಅದು ಕಟ್ಟಿಕೊಳ್ಳುತ್ತದೆ. ನಿಧಾನಕ್ಕೆ ಗಟ್ಟಿಯಾಗುವ, ನೀರಿನಂತೆ ಹರಿಯುವ ಎಪಾಕ್ಸಿಯೇ ಆಗಬೇಕು. ಒಣಗಿದ ಮೇಲೆ ಮತ್ತೆ ಅದೇ ಬ್ಲಾಕಿನಲ್ಲಿ ಸಮ ಮಾಡುವ ಕೆಲಸ ಇದ್ದೇ ಇದೆ.

ಸೆಟಪ್, ಅಂದರೆ ವಾದ್ಯ ಹದ ಮಾಡುವ ಕೆಲಸ, ಶುರುವಾಗುವುದು ತಂತಿಯಿಂದ, ಏಕೆಂದರೆ ತಂತಿ ಬದಲಾದರೆ ಹಿಂದಿನ ಅಳತೆಯೆಲ್ಲ ವ್ಯರ್ಥ. ಡಿ'ಅಡಾರಿಯೊ ಕ್ರೋಮ್ಸ್ 45–100 ಫ್ಲಾಟ್‌ವೌಂಡ್ ಒಳ್ಳೆ ಆರಂಭ. ಬಿಗುವು ಜಾಸ್ತಿ, ನೆಕ್ ಸ್ವಲ್ಪ ಮುಂದೆ ಬರುತ್ತದೆ. ಶ್ರುತಿ ಮಾಡಿ ಒಂದು ರಾತ್ರಿ ಬಿಟ್ಟು ಟ್ರಸ್ ರಾಡ್‌ಗೆ ಕೈ ಹಾಕಿ. ಬಾಗು 7–8ನೇ ಜಾಗದಲ್ಲಿ 0.1ರಿಂದ 0.2 ಮಿ.ಮೀ. ಇದ್ದರೆ ಸಾಕು. ಎ4 ಹಾಳೆ ಒಂದರ ದಪ್ಪ ಸುಮಾರು 0.1, ಫೀಲರ್ ಗೇಜ್ ಇಲ್ಲದವರಿಗೆ ಅದೇ ಗೇಜ್. ಪ್ರತಿಸಲ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಅಲೆನ್ ಕೀ ಲಟಲಟ ಎಂದರೆ ಅದು ಸರಿಯಾದ ಅಳತೆಯದಲ್ಲ. ಕೀ ಜಾರಿ ಒಳಗಿನ ಮೂಲೆಗಳು ಸವೆದರೆ ನೆಕ್ ಕೆಟ್ಟ ಹಾಗೆಯೇ.

ಅಗ್ಗದ ಫ್ರೆಟ್‌ಲೆಸ್‌ಗಳಲ್ಲಿ ಪದೇಪದೇ ಕಾಣುವ ದೋಷ ನಟ್‌ನದು. ಫ್ರೆಟ್ ಇದೆಯೇನೋ ಎಂಬಂತೆ ಒಂದು ಮಿ.ಮೀ. ಎತ್ತರ ಹೆಚ್ಚಾಗಿಯೇ ಕೂರಿಸಿರುತ್ತಾರೆ. ಲಕ್ಷಣ ಸ್ಪಷ್ಟ: 12ನೇ ಜಾಗದಲ್ಲಿ ಶ್ರುತಿ ಸರಿ, ಮೊದಲ ಗೆರೆಯ ಮೇಲೆ ಒತ್ತಿದರೆ ಏರು. ನಟ್ ಬಳಿ ತಂತಿಯ ಕೆಳಗೆ ಒಂದು ಎ4 ಹಾಳೆ ಸಲೀಸಾಗಿ, ಎರಡು ಹಾಳೆ ಬಿಗಿಯಾಗಿ ಸರಿಯಬೇಕು, ಅಷ್ಟೇ. ನಟ್ ಫೈಲ್ ಇಲ್ಲದಿದ್ದರೆ ನಟ್ ಕಳಚಿ, ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ ತಳವನ್ನು ಉಜ್ಜಿ. ಜಾಸ್ತಿ ಇಳಿದರೆ ಖಾಲಿ ತಂತಿ ಸಿತಾರಿನಂತೆ ಝೇಂಕರಿಸುತ್ತದೆ. ಆಗ ತಳಕ್ಕೆ ಹಾಳೆಯ ಚೂರು ಕೊಡಿ.

ಆಕ್ಷನ್‌ಗೆ 12ನೇ ಜಾಗದಲ್ಲಿ ಬೋರ್ಡಿನಿಂದ ತಂತಿಯ ತಳಕ್ಕೆ ಇ (ದಪ್ಪದ) ತಂತಿ 2 ಮಿ.ಮೀ., ಜಿ (ತೆಳು) ತಂತಿ 1.5 ಇಟ್ಟು, ಅಲ್ಲಿಂದ ಕಿವಿ ಹೇಳಿದಂತೆ ಇಳಿಸುತ್ತಾ ಹೋಗಿ. ಫ್ರೆಟ್ ಕಿತ್ತ ನೆಕ್‌ನಲ್ಲಿ ಸುಮಾರು ಒಂದು ಮಿ.ಮೀ. ಹೆಚ್ಚು ಇಳಿಸಬೇಕಾಗುವುದರಿಂದ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್ ತಳ ಕಚ್ಚುವುದುಂಟು. ಆಗ ನೆಕ್ ಬಿಚ್ಚಿ, ಬಾಡಿಯಲ್ಲಿ ಅದು ಕೂರುವ ಗುಳಿಯ (ಪಾಕೆಟ್) ಬ್ರಿಜ್ ಕಡೆಯ ತುದಿಗೆ 0.5 ಮಿ.ಮೀ. ವೆನೀರ್ ಚೂರು ಕೊಟ್ಟರೆ ನೆಕ್ ಹಿಂದಕ್ಕೆ ವಾಲಿ, ತಂತಿ ಬೋರ್ಡಿಗೆ ಹತ್ತಿರವಾಗುತ್ತದೆ.

ಇಂಟೋನೇಶನ್, ಅಂದರೆ ಒತ್ತಿದ ಸ್ವರಗಳ ಶ್ರುತಿ, ನೋಡುವಾಗ ಬೆರಳು ನಂಬಬೇಡಿ, ಅದರ ಮೆತ್ತನೆಯ ಅಗಲದಲ್ಲಿ ತಂತಿ ಎಲ್ಲಿ ನಿಂತಿತೆಂದು ಹೇಳಲಾಗದು. ಹಳೇ ಎಟಿಎಂ ಕಾರ್ಡಿನ ಅಂಚನ್ನು 12ನೇ ಗೆರೆಯ ಮೇಲೆ ಒತ್ತಿ ಮೀಟಿ, ಅಲ್ಲಿನ ಹಾರ್ಮಾನಿಕ್‌ಗೆ (ತಂತಿ ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದೆ, ಇಳಿದಿದ್ದರೆ ಮುಂದೆ. ಗೆರೆ ಇಲ್ಲದ ಬೋರ್ಡಾದರೆ ನಟ್‌ನಿಂದ 431.8 ಮಿ.ಮೀ. ಅಳೆಯಿರಿ. ಪಕ್ಕದ ಚುಕ್ಕಿ ನೋಡಿ ಮೋಸ ಹೋಗಬೇಡಿ. ಗೆರೆ ಇಲ್ಲದ ಬೋರ್ಡುಗಳಲ್ಲಿ ಚುಕ್ಕಿ ಸಾಮಾನ್ಯವಾಗಿ ಸ್ವರದ ಜಾಗದಲ್ಲೇ ಇರುತ್ತದೆ, ಗೆರೆ ಇರುವ ಹಲವುಗಳಲ್ಲಿ ಎರಡು ಗೆರೆಗಳ ನಡುವೆ.

ಬೆರಳು ಒಂದು ಮಿ.ಮೀ. ತಪ್ಪಿದರೆ ಮೊದಲ ಜಾಗದ ಬಳಿ ಸುಮಾರು 2 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ವ್ಯತ್ಯಾಸ, 12ರ ಬಳಿ 4, 19ರ ಬಳಿ 6. ಕೆಳಗೆ ಸರಿಯಾಗಿ ನುಡಿದು ಮೇಲೆ ಹೋದಂತೆ ಅಪಸ್ವರ ಎಂದು ವಾದ್ಯ ವಾಪಸ್ ತರುವವರಿಗೆ ಮೊದಲು ಈ ಲೆಕ್ಕ ತೋರಿಸಬೇಕಾಗುತ್ತದೆ.

ಪಿಕಪ್ ಎತ್ತರ ಕೊನೆಯಲ್ಲಿ: ತಂತಿಯನ್ನು ಬೋರ್ಡಿನ ತುದಿಯಲ್ಲಿ ಒತ್ತಿ ಹಿಡಿದಾಗ ಇ ಕಡೆ 3 ಮಿ.ಮೀ., ಜಿ ಕಡೆ 2.5. ಜಾಝ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ಇದ್ದರೆ ಗುಂಯ್ ಶಬ್ದ ಅಡಗುತ್ತದೆ, ಬ್ರಿಜ್ ಪಿಕಪ್ ಒಂದನ್ನೇ ಬಳಸಿದರೆ ಬರುತ್ತದೆ. ಅದು ದೋಷವಲ್ಲ, ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನ ಗುಣ.

ಮಂಗಳೂರು, ಉಡುಪಿ ಕಡೆಗೆ ಹೋಗುವ ವಾದ್ಯವಾದರೆ ಟ್ರಸ್ ರಾಡ್ ಕೀಯನ್ನು ಕೇಸಿನೊಳಗೆ ಟೇಪ್ ಹಚ್ಚಿ ಕಳಿಸಿ. ಜೂನ್‌ನಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಬಾಗು ನೋಡಿಕೊಳ್ಳಲು ಬೇಕಾಗುತ್ತದೆ.