ಮಳೆಗಾಲದಲ್ಲಿ ಪುಣೆಯಿಂದ ಗೋವಾಕ್ಕೆ ಬೈಕ್: ಟೈರ್ ಯಾವುದು ಹಾಕಿಸಬೇಕು?

ಜೂನ್ ಬಂತೆಂದರೆ ಪುಣೆಯಲ್ಲಿರುವ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಗೋವಾ ನೆನಪಾಗುತ್ತದೆ. ಅದರ ಹಿಂದೆಯೇ ಪ್ರಶ್ನೆ: ಕೆಸರಿಗೆ ಯಾವ ಟೈರ್ ಹಾಕಿಸಲಿ? ನನ್ನನ್ನು ಕೇಳಿದರೆ ಮೊದಲು ದಾರಿಯ ಲೆಕ್ಕ ಹಾಕಿ ಅನ್ನುತ್ತೇನೆ. ಪುಣೆಯಿಂದ ಪಣಜಿ ಸುಮಾರು 450 ಕಿ.ಮೀ. ಸತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರದವರೆಗೆ ಹೈವೇ. ಅಲ್ಲಿಂದ ಗಡಹಿಂಗ್ಲಜ, ಆಜರಾ, ಅಂಬೋಲಿ ಘಾಟ್ ಇಳಿದು ಸಾವಂತವಾಡಿ. ಅಷ್ಟೂ ಡಾಂಬರು, ಇಲ್ಲವೇ ಕಾಂಕ್ರೀಟು. ಕೆಸರು ಸಿಗುವುದು ರಸ್ತೆ ಅಗಲ ಮಾಡುತ್ತಿರುವ ಕಡೆಯ ಡೈವರ್ಷನ್‌ಗಳಲ್ಲಿ, ಆಮೇಲೆ ಗೋವಾ ಒಳಗೆ ನೀವಾಗಿಯೇ ಹುಡುಕಿಕೊಂಡು ಹೋದಾಗ. ಆದ್ದರಿಂದ ಟೈರ್ ಆರಿಸಬೇಕಾದದ್ದು ನೆಂದ ಡಾಂಬರಿಗೆ. ಕೆಸರನ್ನು ಅದು ದಾಟಿಸಿದರೆ ಸಾಕು, ಅಲ್ಲಿ ರೇಸ್ ಗೆಲ್ಲಬೇಕಿಲ್ಲ.

ನನ್ನದು ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕ್. ಮುಂದೆ 90/90-21, ಹಿಂದೆ 120/90-17. ಜೊತೆಗೆ ಬಂದ ಗೆಳೆಯನದು ಹೀರೋ ಎಕ್ಸ್‌ಪಲ್ಸ್ 200, ಮುಂದೆ ಅದೇ 21 ಇಂಚು, ಹಿಂದೆ 120/80-18. ಈ ಅಂಕಿಗಳಲ್ಲಿ ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲಕ್ಕೆ ಪಕ್ಕದ ಗೋಡೆಯ ಎತ್ತರ ಶೇಕಡಾ ಎಷ್ಟು ಎಂಬುದು, ಕೊನೆಯದು ಇಂಚಿನಲ್ಲಿ ರಿಮ್‌ನ ಅಡ್ಡಳತೆ. ಹಿಂದೆ ಇನ್ನೊಂದು ಸೈಜ್ ದಪ್ಪ ಹಾಕಿಸಿದರೆ ನೋಡಲು ಚೆಂದ ಅನ್ನುವವರು ಬಹಳ ಜನ. ಕೆಸರು ಮೆತ್ತಿದ ಮೇಲೆ ಆ ದಪ್ಪ ಟೈರಿಗೂ ಚೈನಿಗೂ ನಡುವೆ ಉಳಿಯುವ ಜಾಗ ಎಷ್ಟು ಅಂತ ಒಮ್ಮೆ ಬಗ್ಗಿ ನೋಡಲಿ. ಕಂಪನಿ ಕೊಟ್ಟ ಸೈಜೇ ಇರಲಿ.

ಡ್ಯುಯಲ್ ಸ್ಪೋರ್ಟ್ ಟೈರುಗಳನ್ನು 80-20, 50-50 ಅಂತೆಲ್ಲ ಹೆಸರಿಸಿ ಮಾರುತ್ತಾರೆ. ಮೊದಲ ಅಂಕಿ ರಸ್ತೆಗೆ, ಎರಡನೆಯದು ಕಚ್ಚಾ ದಾರಿಗೆ. ಇದಕ್ಕೆ ಯಾವ ಐಎಸ್‌ಐ ಗುರುತೂ ಇಲ್ಲ, ಕಂಪನಿಯವರು ಅಂದದ್ದೇ ಲೆಕ್ಕ. ಕಣ್ಣಿಂದ ಅಳೆಯುವುದೇ ಮೇಲು. ಟೈರಿನ ಮೇಲಿನ ರಬ್ಬರ್ ಉಬ್ಬುಗಳ, ಅಂದರೆ ಬಟನ್‌ಗಳ ನಡುವೆ ಬೆರಳು ಸಲೀಸಾಗಿ ಇಳಿಯಿತೇ? ಅದು ಕೆಸರಿನ ಟೈರ್. ಮಧ್ಯದಲ್ಲಿ ರಬ್ಬರ್ ಹೆಚ್ಚು ಕಡಿಮೆ ಒಂದೇ ಪಟ್ಟಿಯಂತೆ ಕೂಡಿಕೊಂಡು, ಅಂಚಿಗೆ ಮಾತ್ರ ಗೆರೆ ಬಿಟ್ಟಿದ್ದರೆ ರಸ್ತೆಯದು. ಹಿಮಾಲಯನ್‌ಗೆ ಕಂಪನಿಯಿಂದಲೇ ಬರುತ್ತಿದ್ದ ಸಿಯೆಟ್ ಗ್ರಿಪ್ ಎಕ್ಸ್‌ಎಲ್, ಪಿರೆಲ್ಲಿ ಎಂಟಿ 60 ಎರಡೂ ಈ ನಡುವಿನ ಜಾತಿಯವು. ಅವು ಚೆನ್ನಾಗಿಯೇ ಉಳಿದಿದ್ದರೆ ಈ ದಾರಿಗೆ ಹೊಸದಕ್ಕೆ ದುಡ್ಡು ಸುರಿಯಬೇಡಿ, ಅದೇ ದುಡ್ಡಿಗೆ ಒಳ್ಳೆಯ ರೇನ್‌ಕೋಟ್ ತಗೊಳ್ಳಿ.

ಕೆಸರಿನಲ್ಲಿ ಟೈರಿನ ಕೆಲಸ ಇಷ್ಟೇ: ಬಟನ್‌ಗಳ ಸಂದಿಯಲ್ಲಿ ತುಂಬಿದ ಮಣ್ಣನ್ನು ಚಕ್ರ ತಿರುಗುವಾಗ ಹೊರಗೆಸೆದು, ಮತ್ತೆ ಖಾಲಿಯಾಗಿ ನೆಲಕ್ಕೆ ಬರಬೇಕು. ಸಂದಿ ಕಿರಿದಾದರೆ ಮಣ್ಣು ಅಲ್ಲೇ ಕೂತು ಟೈರ್ ನುಣ್ಣಗಾಗುತ್ತದೆ. ಆದರೆ ಮಣ್ಣುಗಳಲ್ಲೂ ವ್ಯತ್ಯಾಸವಿದೆ. ಕರಾಡ-ಕೊಲ್ಹಾಪುರ ಸುತ್ತಿನ ಎರೆಮಣ್ಣು ಅಂಟು, ಅದಕ್ಕೆ ಬಟನ್ ಟೈರೂ ಒಮ್ಮೊಮ್ಮೆ ಸೋಲುತ್ತದೆ. ಹಿಮಾಲಯನ್‌ನ ಮುಂದಿನ ಕೆಳ ಮಡ್‌ಗಾರ್ಡ್ ಟೈರಿಗೆ ಹತ್ತಿರವಿರುವುದರಿಂದ ಎರೆಮಣ್ಣು ಅಲ್ಲಿ ಸಿಕ್ಕಿಕೊಂಡು ಚಕ್ರವನ್ನೇ ಹಿಡಿಯುತ್ತದೆ. ಎಕ್ಸ್‌ಪಲ್ಸ್‌ನ ಮಡ್‌ಗಾರ್ಡ್ ಮೇಲಿರುವುದರಿಂದ ಅದಕ್ಕೆ ಈ ಕಾಟ ಕಡಿಮೆ. ಗೋವಾ ಕಡೆಯ ಕೆಮ್ಮಣ್ಣು ಹಾಗಲ್ಲ. ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು, ಮೇಲೆ ಬೆರಳು ದಪ್ಪದ ಜಾರು ಪದರ. ಅಲ್ಲಿ ಆಳದ ಸಂದಿಗಿಂತ ಬಟನ್‌ನ ಅಂಚು ಚೂಪಾಗಿರುವುದು ಮುಖ್ಯ, ಮತ್ತೆ ಆ ಪದರ ಸೀಳಿ ಕಲ್ಲು ಮುಟ್ಟುವ ಕಿರಿದಾದ ಮುಂದಿನ ಚಕ್ರ. 21 ಇಂಚಿನ 90 ಸೆಕ್ಷನ್ ಟೈರ್ ಇದಕ್ಕೆ ಹೇಳಿ ಮಾಡಿಸಿದ್ದು.

ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ನೀವು ನೆಲದ ಮೇಲೆ. ಇತ್ತ ಹೈವೇಯಲ್ಲಿ ಎಂಜಿನ್ನಿನ ಎಳೆತ, ಲಗೇಜಿನ ಭಾರ ಎಲ್ಲ ಹಿಂದಿನ ಟೈರಿನ ಮೇಲೆ. ಬೇಗ ಸವೆಯುವುದೂ ಅದೇ. ಈ ಎರಡು ಕಾರಣಕ್ಕೆ ನಾನು ಮುಂದೆ 50-50, ಹಿಂದೆ ಸ್ವಲ್ಪ ರಸ್ತೆ ಕಡೆಗೆ ವಾಲಿದ್ದು ಹಾಕಿಸಿದೆ. ಗೆಳೆಯ ಎರಡಕ್ಕೂ ಪೂರ್ತಿ ಬಟನ್ ಹಾಕಿಸಿದ. ಆಗಲಿ, ಹೋಲಿಸಿ ನೋಡಲು ಒಂದು ಅವಕಾಶ ಸಿಕ್ಕಿತು.

ಟೈರ್ ತಗೊಳ್ಳಲು ನಾನಾ ಪೇಟೆಗೆ ಹೋದೆವು. ಪುಣೆಯಲ್ಲಿ ಗಾಡಿಯ ಸಾಮಾನು ಅಂದರೆ ಅಲ್ಲಿಗೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಚೌಕಟ್ಟೊಂದು ಇರುತ್ತದೆ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಒಬ್ಬ ಅಂಗಡಿಯವ ಆ ಅಂಕಿಯ ಮೇಲೇ ಹೆಬ್ಬೆರಳಿಟ್ಟು ಹಿಡಿದು "ಫ್ರೆಶ್ ಮಾಲ್" ಅಂದ. ಬೆರಳು ತೆಗೆಸಿ ನೋಡಿದರೆ ಮೂರು ವರ್ಷ ಹಳೆಯದು. ಗೋದಾಮಿನಲ್ಲಿ ಕೂತ ರಬ್ಬರ್ ಗಟ್ಟಿಯಾಗುತ್ತದೆ, ಗಟ್ಟಿ ರಬ್ಬರ್ ಮಳೆಯಲ್ಲಿ ಮೊದಲು ಕೈಕೊಡುತ್ತದೆ. ಮುಂದಿನ ಅಂಗಡಿಗೆ ನಡೆದೆವು. ಸೈಜಿನ ಪಕ್ಕದಲ್ಲಿ 64ಎಸ್ ಎಂಬಂಥ ಗುರುತನ್ನೂ ನೋಡಿ. 64 ಅಂದರೆ ಆ ಟೈರ್ 280 ಕೆ.ಜಿ. ಹೊರುತ್ತದೆ, ಎಸ್ ಅಂದರೆ ಗಂಟೆಗೆ 180 ಕಿ.ಮೀ.ವರೆಗೆ ತಾಳುತ್ತದೆ. ತಿರುಗುವ ದಿಕ್ಕಿನ ಬಾಣ ಸರಿಯಾಗಿ ಕೂತಿದೆಯೇ ಎಂದು ಚಕ್ರ ಹಾಕುವ ಮೊದಲೇ ನೋಡಿಕೊಳ್ಳಿ. ಹೊಸ ಟೈರಿನ ಮೇಲ್ಮೈ ನುಣುಪು, ಹೊರಡುವ ವಾರ ಮೊದಲೇ ಹಾಕಿಸಿ ಊರಲ್ಲೇ ನೂರು ಕಿ.ಮೀ.ಯಾದರೂ ಓಡಿಸಿ. ಹಿಂದಿನ ದಿನ ಹಾಕಿಸಿಕೊಂಡು ಬೆಳಗಿನ ಮಳೆಯಲ್ಲಿ ಘಾಟ್ ಹತ್ತುವ ಧೈರ್ಯ ಬೇಡ.

ಹೈವೇಯಲ್ಲಿ ಖಂಬಾಟ್ಕಿ ಘಾಟ್ ದಾಟುವಷ್ಟರಲ್ಲೇ ಗೆಳೆಯನ ಬಟನ್ ಟೈರ್ ತನ್ನ ಗುಣ ತೋರಿಸಿತು. 70ರ ಮೇಲೆ ಹೋದರೆ ಹ್ಯಾಂಡಲ್‌ನಲ್ಲಿ ಸಣ್ಣ ನಡುಕ, ಹೆಲ್ಮೆಟ್ಟಿನೊಳಗೂ ಕೇಳುವ ಗುಂಯ್ ಸದ್ದು. ಅದನ್ನು ಸಹಿಸಬಹುದು. ಸಹಿಸಲಾಗದ್ದು ಬ್ರೇಕ್. ಎತ್ತರದ ಬಟನ್ ಟೈರಿನ ರಬ್ಬರ್ ಡಾಂಬರನ್ನು ಮುಟ್ಟುವುದೇ ಕಡಿಮೆ, ಮೇಲಾಗಿ ಬ್ರೇಕ್ ಹಿಡಿದಾಗ ಬಟನ್‌ಗಳು ಬಾಗುತ್ತವೆ. ಮುಂದಿನ ಟ್ರಕ್ ನಿಧಾನ ಮಾಡಿದಾಗೆಲ್ಲ ನಾನು ನಿಲ್ಲುತ್ತಿದ್ದ ಜಾಗಕ್ಕಿಂತ ಅವನು ಮುಂದೆ ಹೋಗಿ ನಿಲ್ಲುತ್ತಿದ್ದ. ಸೇತುವೆಯ ಕಬ್ಬಿಣದ ಜಾಯಿಂಟ್, ಬಿಳಿ ಪಟ್ಟೆ, ಟೋಲ್ ಹತ್ತಿರ ಚೆಲ್ಲಿದ ಡೀಸೆಲ್ ಇವು ಮೂರರ ಮೇಲೆ ಯಾವ ಟೈರಿಗೂ ಹಿಡಿತವಿಲ್ಲ ಅನ್ನಿ, ಆದರೆ ಬಟನ್ ಟೈರಿಗೆ ಇನ್ನೂ ಕಡಿಮೆ.

ಕರಾಡದ ಆಚೆ ಡೈವರ್ಷನ್ ಒಂದರಲ್ಲಿ ಲೆಕ್ಕ ತಿರುವುಮುರುವಾಯಿತು. ಟ್ರಕ್ಕುಗಳು ಕಲಸಿಟ್ಟ ಕೆಸರು. ಟೈರ್ ನೆಲವನ್ನು ಅಗಲವಾಗಿ ಹಿಡಿಯಲಿ ಅಂತ ಗೆಳೆಯ ಹವಾ ಇಳಿಸಿಕೊಂಡು ನಗುತ್ತಾ ದಾಟಿದ. ನನ್ನ ಹಿಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗುತ್ತಾ ಹೇಗೋ ಬಂತು. ಎರಡನೇ ಗೇರ್, ಕ್ಲಚ್ ಮುಟ್ಟದೆ, ಕಣ್ಣು ದೂರಕ್ಕೆ. ಒಂದು ಕಿಲೋಮೀಟರ್ ಕೂಡ ಇರಲಿಲ್ಲ ಅದು. ಆ ಒಂದು ಕಿಲೋಮೀಟರಿಗಾಗಿ ಉಳಿದ 450 ಕಿ.ಮೀ. ನಡುಗುತ್ತಾ ಹೋಗಬೇಕೇ ಎನ್ನುವುದು ನನ್ನ ವಾದ.

ಅವನು ಇಳಿಸಿದ ಹವಾ ಮತ್ತೆ ತುಂಬಿಸಲಿಲ್ಲ. ಪಂಪ್‌ಗಳಲ್ಲಿ ಸಾಲು ಇದೆ ಅಂತ ಹಾಗೇ ಹೊಡೆದ. ಗಡಹಿಂಗ್ಲಜಕ್ಕೆ ಬರುವಷ್ಟರಲ್ಲಿ ಹಿಂದಿನ ಚಕ್ರ ಫ್ಲ್ಯಾಟ್. ಅಲ್ಲಿ ಕನ್ನಡ ಮಾತಾಡುವ ಜನ ಬೇಕಾದಷ್ಟಿದ್ದಾರೆ, ಪಂಕ್ಚರ್ ಅಂಗಡಿಯ ಕಾಕಾ ಬಟನ್ ನೋಡಿ "ಇದೇನ್ರೀ, ಟ್ರ್ಯಾಕ್ಟರ್ ಗಾಲಿ ತಂದೀರಿ?" ಅಂದರು. ಆಮೇಲೆ ರಿಮ್‌ನ ತೂತಿನಲ್ಲಿ ವಾಲ್ವ್ ಓರೆಯಾಗಿ ನಿಂತಿದ್ದನ್ನು ಬೆರಳಿಂದ ತೋರಿಸಿದರು. "ಹವಾ ಕಮ್ಮಿ ಇಟ್ಟು ಹೊಡದೀರಿ. ರಿಮ್ ಮ್ಯಾಲೆ ಟೈರ್ ಸರದೈತಿ, ಟ್ಯೂಬಿನ ಕುತ್ತಗೀನ ಹರದೈತಿ. ಇದಕ್ಕ ಪ್ಯಾಚ್ ನಿಲ್ಲಂಗಿಲ್ರಿ." ಅವರ ಹತ್ತಿರ 18 ಇಂಚಿನ ಟ್ಯೂಬ್ ಇರಲಿಲ್ಲ. ನನ್ನ ಬ್ಯಾಗಿನಲ್ಲಿದ್ದ 21 ಇಂಚಿನ ಮುಂದಿನ ಟ್ಯೂಬನ್ನೇ ಸ್ವಲ್ಪ ಹವಾ ತುಂಬಿ, ಮಡಿಕೆ ಬೀಳದಂತೆ ಕೈಯಿಂದ ಸವರುತ್ತಾ ಕೂರಿಸಿದರು. ತುರ್ತಿಗೆ ಇದು ನಡೆಯುತ್ತದೆ. ಇಬ್ಬರ ನಡುವೆ ಒಂದೇ ಟ್ಯೂಬ್ ಒಯ್ಯುವುದಾದರೆ 21ರದ್ದೇ ಒಯ್ಯಿರಿ, ಹಿಂದಿನ ಚಕ್ರಕ್ಕೂ ಕೂಡುತ್ತದೆ. ದಪ್ಪನೆಯ ಹಿಂದಿನ ಟ್ಯೂಬನ್ನು ಮುಂದಕ್ಕೆ ತುರುಕಲಾಗದು. ಜೊತೆಗೆ ಟೈರ್ ಲಿವರ್, ಅಚ್ಚಿನ ನಟ್ಟಿನ ಪಾನಾ, ಪ್ರೆಶರ್ ಗೇಜ್, ಬ್ಯಾಟರಿಗೆ ಹಚ್ಚುವ ಸಣ್ಣ ಪಂಪ್. ಆ ಪಂಪ್ ಇದ್ದರಷ್ಟೇ ಹವಾ ಇಳಿಸುವ ಮಾತು.

ಎಷ್ಟು ಇಳಿಸಬೇಕು? ಟ್ಯೂಬ್ ಇರುವ ಚಕ್ರಕ್ಕೆ, ಲಗೇಜ್ ಕಟ್ಟಿಕೊಂಡಾಗ, ನಾನು 20 ಪಿಎಸ್‌ಐಗಿಂತ ಕೆಳಗೆ ಹೋಗುವುದಿಲ್ಲ. ಅದಕ್ಕೂ ಕೆಳಗಿಳಿಸಿದರೆ ರಿಮ್ ಲಾಕ್ ಬೇಕು, ಅಂದರೆ ಟೈರ್ ರಿಮ್ ಮೇಲೆ ಸರಿಯದಂತೆ ಒತ್ತಿ ಹಿಡಿಯುವ ಕ್ಲಾಂಪ್. ಇಲ್ಲವಾದರೆ ವಾಲ್ವ್ ಹರಿಯುವುದಲ್ಲದೆ, ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕು ಎರಡು ಕಡೆ ತೂತಾಗುತ್ತದೆ. ಡಾಂಬರಿಗೆ ಬಂದ ಕೂಡಲೇ ಕಂಪನಿ ಹೇಳಿದ ಲೆಕ್ಕಕ್ಕೆ ಏರಿಸಿ.

ಅಂಬೋಲಿ ಘಾಟ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು, ಮಂಜಿಗೆ ಹತ್ತು ಮಾರು ಮುಂದೆ ಕಾಣದು, ಶನಿವಾರ-ಭಾನುವಾರ ಜಲಪಾತದ ಮುಂದೆ ರಸ್ತೆಯಲ್ಲೇ ಕಾರುಗಳು ನಿಂತಿರುತ್ತವೆ. ವಾರದ ನಡುವೆ ಹೋಗಿ. ತಿರುವಿನ ಒಳಬದಿಗೆ ಮೇಲಿನಿಂದ ಹರಿದು ಬಂದ ಕೆಮ್ಮಣ್ಣು, ಹೊರಬದಿಗೆ ಕಟ್ಟೆಯ ಬುಡದ ಪಾಚಿ. ನಡುವೆ ಉಳಿದ ಕಪ್ಪು ಪಟ್ಟಿಯೇ ನಿಮ್ಮ ದಾರಿ. ಇಲ್ಲಿ 50-50 ಟೈರ್ ನೆಮ್ಮದಿ ಕೊಟ್ಟಿತು. ಗೆಳೆಯ ಇಡೀ ಘಾಟನ್ನು ಬೈಕ್ ವಾಲಿಸದೆ, ನೆಟ್ಟಗೆ ಕೂತೇ ಇಳಿದ.

ಗೋವಾದಲ್ಲಿ ಬೀಚಿಗೆ ಗಾಡಿ ಇಳಿಸಬೇಡಿ, ಅದು ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ, ಉಪ್ಪುನೀರು ಚೈನನ್ನೂ ತಿನ್ನುತ್ತದೆ. ಕೆಸರು ಬೇಕಾದವರು ಸತ್ತರಿ ತಾಲೂಕಿನ ವಾಳಪೈ ಕಡೆ ಹೋಗಿ, ಗೇರು ತೋಟಗಳ ನಡುವೆ ಕೆಂಪು ದಾರಿಗಳಿವೆ. ತೋಟದವರನ್ನು ಕೇಳಿಯೇ ಒಳಗೆ ಹೋಗಬೇಕು; ಮ್ಹಾದೇಯಿ ಅಭಯಾರಣ್ಯದ ಗಡಿ ಅಲ್ಲೇ ಇದೆ, ಅರಣ್ಯದ ದಾರಿಗೆ ಅನುಮತಿಯಿಲ್ಲದೆ ಹೊಗಬೇಡಿ. ಆ ಏರುಗಳಲ್ಲಿ ಗೆಳೆಯನೇ ರಾಜ, ಒಪ್ಪುತ್ತೇನೆ. ಆದರೂ ನನ್ನ ಮುಂದಿನ ಟೈರ್ ಒಂದು ಕಡೆಯೂ ದಾರಿ ತಪ್ಪಲಿಲ್ಲ. ಹಿಂದಿನದು ಸುತ್ತಿದಾಗ ಇಳಿದು ತಳ್ಳಿದೆ, ಅಷ್ಟೆ. ಇಳಿಜಾರಿನಲ್ಲಿ ಹಿಂದಿನ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡುವ ಸೌಲಭ್ಯ 2020ರ ಬಿಎಸ್-6 ಹಿಮಾಲಯನ್‌ನಿಂದ ಇದೆ, ಕೆಸರಿಗೆ ಅದನ್ನು ಬಳಸಿ, ಡಾಂಬರು ಬಂದೊಡನೆ ಆನ್ ಮಾಡುವುದನ್ನು ಮರೆಯಬೇಡಿ.

ವಾಪಸ್ ಬರುವಾಗ ಸಾಖಳಿಯಿಂದ ಚೋರ್ಲಾ ಘಾಟ್ ಹತ್ತಿ ಕಣಕುಂಬಿ, ಜಾಂಬೋಟಿ ಮೇಲೆ ಬೆಳಗಾವಿಗೆ ಬಂದೆವು. ಗುಂಡಿಗಳಿವೆ, ಆದರೆ ಅಂಬೋಲಿಯ ಗದ್ದಲವಿಲ್ಲ. ಬೆಳಗಾವಿಯಲ್ಲಿ ತೊಳೆಸುವಾಗ ನೀರಿನ ಜೆಟ್ ಬೇರಿಂಗಿಗೆ ನೇರ ಹೊಡೆಯಲು ಬಿಡಬೇಡಿ. ಬಟನ್‌ಗಳ ಸಂದಿಯಲ್ಲಿ ಕೂತ ಕಲ್ಲನ್ನು ಸ್ಕ್ರೂಡ್ರೈವರಿನಿಂದ ತೆಗೆದು, ಸ್ಪೋಕ್‌ಗಳನ್ನು ಒಂದೊಂದಾಗಿ ತಟ್ಟಿ ನೋಡಿ: ಬಿಗಿಯಿದ್ದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ಮಂಕಾಗಿ ಬಡಿಯುತ್ತದೆ. ಸಡಿಲ ಸಿಕ್ಕರೆ ಪುಣೆಯವರೆಗೆ ಕಾಯದೆ ಅಲ್ಲೇ ಬಿಗಿ ಮಾಡಿಸಿ.