"ಪರೀಕ್ಷೆಗೆ ಬತ್ತದ್ಯಾ ಅಕ್ಕೋರೆ?"

ಕುಮಟಾದಲ್ಲಿ ಮನೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹೈಸ್ಕೂಲು ಮಕ್ಕಳಿಗೆ ಕಟ್ಟಡದ ಪಾಠ ಹೇಳುತ್ತೇನೆ. ಬೀಮ್ ಯಾಕೆ ಬಾಗುತ್ತದೆ, ಮನೆಯ ಮಾಡು (ಚಾವಣಿ) ಯಾಕೆ ಇಳಿಜಾರು, ಗುಡ್ಡ ಯಾಕೆ ಜಾರುತ್ತದೆ, ಇಂಥವು. ಅಪ್ಪ ಅಮ್ಮಂದಿರು ನೋಡಿದಲ್ಲೆಲ್ಲ ಕೇಳುವುದು ಒಂದೇ, ಇದು ಪರೀಕ್ಷೆಗೆ ಬತ್ತದ್ಯಾ ಅಂತ. ನನ್ನ ಜೊತೆ ಓದಿದ ಇಂಜಿನಿಯರುಗಳದ್ದು ಇನ್ನೊಂದು ಥರ: "ಕ್ಯಾಲ್ಕುಲಸ್ ಬರದ ಮಕ್ಕಳಿಗೆ ಸ್ಟ್ರಕ್ಚರ್ ಪಾಠ ಏನು ಹೇಳ್ತೀಯೆ ಮಾರಾಯ್ತಿ?"

ಪರೀಕ್ಷೆಗೆ ಬರುವುದಿಲ್ಲ. ಹೈಸ್ಕೂಲಿನ ಗಣಿತದಲ್ಲಿ ಪೈಥಾಗೊರಸ್ ಇದೆ, ತ್ರಿಕೋನಮಿತಿ ಇದೆ, ಅವು ಇಲ್ಲಿ ಬಳಕೆಗೆ ಬರುತ್ತವೆ ನಿಜ. ದಾರ ಹಿಡಿದು ಮೂರು ಅಡಿ, ನಾಲ್ಕು ಅಡಿ, ಐದು ಅಡಿ ಅಳೆದು ಮೇಸ್ತ್ರಿ ಪಾಯದ ಮೂಲೆ ಹಿಡಿಯುವುದನ್ನು ಕಣ್ಣಾರೆ ನೋಡಿದವರಿಗೆ ಆ ಪ್ರಮೇಯ ಮರೆಯುವುದಿಲ್ಲ. ಆದರೆ ಅಂಕ ಜಾಸ್ತಿ ಬರುತ್ತದೆ ಅಂತ ಯಾರಿಗೂ ನಾನು ಮಾತು ಕೊಟ್ಟಿಲ್ಲ.

ಈ ಮಕ್ಕಳಲ್ಲಿ ಇಂಜಿನಿಯರೋ ಆರ್ಕಿಟೆಕ್ಟೋ ಆಗುವವರು ಒಬ್ಬಿಬ್ಬರು ಇರಬಹುದು. ಮನೆ ಕಟ್ಟಿಸುವವರು, ರಿಪೇರಿ ಮಾಡಿಸುವವರು ಮಾತ್ರ ಹೆಚ್ಚುಕಡಿಮೆ ಎಲ್ಲರೂ. ಸಾಲ ಮಾಡಿ, ಬಂಗಾರ ಅಡವಿಟ್ಟು ಕಟ್ಟಿಸುವ ಮನೆ ಅದು. ಅಲ್ಲಿ ನಿಂತಾಗ ನಮ್ಮವರ ಬಾಯಲ್ಲಿ ಬರುವುದು ಒಂದೇ ಮಾತು, "ನೀವು ಹೇಳಿದ ಹಾಗೇ ಆಗಲಿ." ನಕ್ಷೆ ಮಾಡುವವಳಿಗೆ ಇದು ಸುಖದ ಮಾತು, ಮನೆಯಲ್ಲಿ ಇರಬೇಕಾದವರಿಗಲ್ಲ. ಎದುರು ನಿಂತು "ಅದು ಯಾಕೆ ಹಾಗೆ?" ಅಂತ ಕೇಳುವ ಗಿರಾಕಿಗಳು ನನಗೆ ಬೇಕು, ಅವರನ್ನು ಹದಿನಾಲ್ಕು ಹದಿನೈದನೇ ವಯಸ್ಸಿನಲ್ಲೇ ತಯಾರು ಮಾಡುವುದು ಸುಲಭ.

ಇನ್ನು ಕ್ಯಾಲ್ಕುಲಸ್. ಒಂದು ಮರದ ಫೂಟ್ ಸ್ಕೇಲ್ ಸಾಕು. ಅಗಲ 3 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್ ಅಂದುಕೊಳ್ಳಿ. ಎರಡು ಪುಸ್ತಕಗಳ ಮೇಲೆ ಅಡ್ಡ ಮಲಗಿಸಿ ನಡುವೆ ಕಲ್ಲಿಟ್ಟರೆ ಬಾಗುತ್ತದೆ. ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ವಾಲದ ಹಾಗೆ ತುದಿ ಹಿಡಿದು ಅದೇ ಕಲ್ಲಿಟ್ಟರೆ ಬಾಗಿದ್ದು ಕಣ್ಣಿಗೇ ಕಾಣುವುದಿಲ್ಲ. ಲೆಕ್ಕ ಹಾಕಿದರೆ 100 ಪಟ್ಟು ಜಾಸ್ತಿ ಬಿಗಿ. ಮರ ಅದೇ, ತೂಕ ಅದೇ. ಬೀಮ್ ಯಾಕೆ ಅಗಲಕ್ಕಿಂತ ಎತ್ತರ ಜಾಸ್ತಿ ಇರುತ್ತದೆ, ಮಾಡಿನ ಪಕಾಸನ್ನು (ಇಳಿಜಾರಿಗೆ ಹಾಕುವ ಮರದ ಪಟ್ಟಿ) ಯಾಕೆ ನೆಟ್ಟಗೆ ನಿಲ್ಲಿಸಿ ಹೊಡೆಯುತ್ತಾರೆ ಅನ್ನುವುದು ಆಮೇಲೆ ಅವರೇ ಹೇಳುತ್ತಾರೆ. ಪುಸ್ತಕಗಳ ನಡುವಿನ ಅಂತರ ಎರಡು ಪಟ್ಟಾದರೆ ಅದೇ ಕಲ್ಲಿಗೆ ಬಾಗುವುದು ಎಂಟು ಪಟ್ಟು ಅಂದಾಗ ಹಳ್ಳ ದಾಟಿ ಶಾಲೆಗೆ ಬರುವ ಹುಡುಗನಿಗೆ ತನ್ನ ಮನೆ ಹತ್ತಿರದ ಅಡಕೆ ಮರದ ಸಂಕ (ಕಾಲುಸೇತುವೆ) ನೆನಪಾಯಿತು, ನಡುವೆ ಕವಲುಗಂಬ ಊರಿದ್ದು ಇದಕ್ಕೇ ಅಲ್ವಾ ಅಂದ. ಹೌದು. (ಹಾಗಂತ ಹಿಂದಿನವರಿಗೆ ಎಲ್ಲ ಗೊತ್ತಿತ್ತು ಅನ್ನುವ ಭಜನೆ ನಾನು ಮಾಡುವುದಿಲ್ಲ. ಜೋರು ಮಳೆಗೆ ಅದೇ ಸಂಕ ಕೊಚ್ಚಿಹೋಗುತ್ತಿತ್ತು.)

ಇಂಟರ್‌ನೆಟ್ಟಿನಲ್ಲಿ ನೋಡಿದರೆ ಇಂಥ ಪಾಠಕ್ಕೆ ಸ್ಪಗೆಟ್ಟಿ ಸೇತುವೆ ಮಾಡಿಸಿ ಅಂತಾರೆ. ನಮ್ಮಲ್ಲಿ ತೆಂಗಿನ ಹಿಡಿಕಡ್ಡಿ ಇದೆ. ನಾಲ್ಕು ಕಡ್ಡಿ ಚೌಕ ಕಟ್ಟಿದರೆ ಓಲಾಡುತ್ತದೆ, ಮೂಲೆಯಿಂದ ಮೂಲೆಗೆ ಇನ್ನೊಂದು ಕಟ್ಟಿದರೆ ನಿಲ್ಲುತ್ತದೆ, ಅಷ್ಟೇ ಪಾಠ.

ನಾನು ಜಾಸ್ತಿ ಹೊತ್ತು ತೆಗೆದುಕೊಳ್ಳುವುದು ಮಾಡಿಗೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ಆಷಾಢದ ಒಂದೇ ದಿನ 100 ಮಿಲಿಮೀಟರ್ ಹೊಯ್ದರೆ 10,000 ಲೀಟರ್. ಇದನ್ನು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ, ಇಷ್ಟು ನೀರು ಎಲ್ಲಿಗೆ ಹೋಗಬೇಕು ಅಂತ ಕೇಳುತ್ತೇನೆ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಮಾಡು ಪೂರ್ತಿ ಕಲ್ಲಿನ ಚಪ್ಪಡಿಯದು, ಆದರೂ ಇಳಿಜಾರು. ನಾವು ಬೆಂಗಳೂರಿನ ಮನೆಯ ಫೋಟೊ ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಮಟ್ಟಸವಾದ ಸ್ಲ್ಯಾಬ್ ಹಾಕಿಸುತ್ತೇವೆ, ಕೆಲವು ಮಳೆಗಾಲಕ್ಕೆ ಅದು ಸೋರುತ್ತದೆ, ಆಮೇಲೆ ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದಿಸುತ್ತೇವೆ. ಒಂದು ಮನೆಗೆ ಎರಡು ಮಾಡಿನ ದುಡ್ಡು. ಕುಮಟಾದಿಂದ ಕಾರವಾರದವರೆಗೆ ಬಸ್ಸಿನಲ್ಲಿ ಕೂತು ಎಣಿಸುತ್ತಾ ಹೋಗಿ, ಇಂಥ ಮನೆ ಎಷ್ಟು ಸಿಗುತ್ತವೆ ಅಂತ.

2024ರಲ್ಲಿ ಪಾಠ ತಾನಾಗಿ ಬೇರೆ ಕಡೆ ತಿರುಗಿತು. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ರಸ್ತೆ ಬದಿಯ ಅಂಗಡಿ, ನಿಂತಿದ್ದ ಲಾರಿ, ಜನ ಎಲ್ಲ ಹೋದರು. ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಲಾರಿ ಸಮೇತ ನೀರಿಗೆ ಬಿದ್ದ ಚಾಲಕ ಬದುಕಿದರು. ಮಕ್ಕಳು ಬೇರೆ ಏನೂ ಕೇಳುವ ಹಾಗಿರಲಿಲ್ಲ. ಯಾರ ತಪ್ಪು ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ. ಒಂದು ಬುಟ್ಟಿ ಮಣ್ಣು ಗುಪ್ಪೆ ಹಾಕಿ ಅದರ ಬುಡ ನೆಟ್ಟಗೆ ಕಡಿದೆವು, ನಿಂತಿತು. ಮೇಲಿಂದ ನಿಧಾನ ನೀರು ಹಾಕಿದೆವು. ನೀರು ಕುಡಿದ ಮಣ್ಣಿಗೆ ಭಾರ ಹೆಚ್ಚುತ್ತದೆ, ಕಣಕ್ಕೂ ಕಣಕ್ಕೂ ಇರುವ ಹಿಡಿತ ಸಡಿಲವಾಗುತ್ತದೆ, ಕೆಳಗೆ ಆನಿಕೊಳ್ಳಲು ಬುಡವೇ ಇಲ್ಲ. ಜಾರಿತು. ಮನೆ ಹಿಂದಿನ ಧರೆ ಕಡಿದು ಅಂಗಳ ದೊಡ್ಡದು ಮಾಡುವ ಆಸೆ ನಮ್ಮಲ್ಲಿ ಎಲ್ಲರಿಗೂ ಇದೆ, ಹಾಗಾಗಿ ಇದನ್ನು ಪ್ರತಿ ವರ್ಷ ಮಾಡಿಸುತ್ತೇನೆ.

ಕಾಂಕ್ರೀಟಿನ ಪಾಠಕ್ಕೆ ಸಮುದ್ರವೇ ಮಾಸ್ತರು. ಉಪ್ಪುಗಾಳಿ ಒಳಗೆ ಇಳಿದರೆ ಕಂಬಿಗೆ ತುಕ್ಕು, ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದು ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ. ಕಂಬಿಯ ಹೊರಗಿನ ಕಾಂಕ್ರೀಟ್ ಪದರವನ್ನು ಕವರ್ ಅಂತಾರೆ. ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾಧಾರಣ ಒಣ ಜಾಗಕ್ಕೆ ಅದು 20 ಮಿಲಿಮೀಟರ್, ಕರಾವಳಿಯ ಗಾಳಿಗೆ ಬಯಲಾಗಿ ನಿಲ್ಲುವ ಕಾಂಕ್ರೀಟಿಗೆ 45. ಸ್ಲ್ಯಾಬ್ ಹಾಕುವ ಹಿಂದಿನ ದಿನ, ಈ ಕವರ್ ಉಳಿಯಲಿ ಅಂತ ಕಂಬಿಯ ಕೆಳಗಿಡುವ ಕವರ್ ಬ್ಲಾಕ್ ಎಷ್ಟು ದಪ್ಪದ್ದು ಅಂತ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ತನ್ನ ಚಿಕ್ಕಪ್ಪನ ಮನೆಯ ಮೇಸ್ತ್ರಿಗೆ ಕೇಳಿದಳಂತೆ. ಮೇಸ್ತ್ರಿ ನಕ್ಕರು. ಚಿಕ್ಕಪ್ಪ ನಗಲಿಲ್ಲ, ಸ್ಕೇಲ್ ತರಿಸಿ ಅಳೆದರು.

ಆರ್ಕಿಟೆಕ್ಚರ್ ಅಂತ ಬೇರೆ ಮಾಡುವುದು ಸ್ವಂತ ಮನೆಯ ನಕ್ಷೆ ಮಾತ್ರ, 1:50 ಅಳತೆಯಲ್ಲಿ (ಮನೆಯ 50 ಸೆಂಟಿಮೀಟರ್ ಕಾಗದದ ಮೇಲೆ 1 ಸೆಂಟಿಮೀಟರ್). ಮೊದಲ ಸಲ ಎಲ್ಲರೂ ಟಿವಿ ಬರೆಯುತ್ತಾರೆ, ಬಚ್ಚಲುಮನೆ ಬಿಡುತ್ತಾರೆ. ಅಡುಗೆ ಮಾಡುವಾಗ ಅಮ್ಮನ ಮುಖ ಯಾವ ಕಡೆ, ಬೆಳಕು ಎಲ್ಲಿಂದ, ಅಜ್ಜಿ ಯಾವ ಮೆಟ್ಟಿಲಲ್ಲಿ ಎಡವುತ್ತಾರೆ ಅಂತ ಗುರುತು ಹಾಕಿ ತರಬೇಕು. ಅಜ್ಜಿ ಎಡವುವ ಮೆಟ್ಟಿಲು ಅಳೆದರೆ ಸಾಧಾರಣ ಅದೊಂದೇ ಬೇರೆ ಎತ್ತರದ್ದು ಇರುತ್ತದೆ.

ಮುಂದೆ ಇದನ್ನೇ ಓದಬೇಕು ಅನ್ನುವವರಿಗೆ ದಾರಿ ಇದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಸಿವಿಲ್ ಡಿಪ್ಲೊಮಾ ಮೂರು ವರ್ಷ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಆರ್ಕಿಟೆಕ್ಟ್ ಆಗಲು ಪಿಯುಸಿ ಮುಗಿಸಿ ನಾಟಾದಂಥ (NATA) ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬರೆದು ಐದು ವರ್ಷ ಓದಬೇಕು.

ನಿಮ್ಮೂರಲ್ಲೂ ಇಂಥದ್ದು ಶುರು ಮಾಡಬೇಕು ಅನ್ನಿಸಿದರೆ ಲ್ಯಾಬ್ ಏನೂ ಬೇಡ. ಟೇಪು, ದಾರ, ತೂಗುಗುಂಡು, ಮಟ್ಟ ನೋಡಲು ನೀರು ತುಂಬುವ ಪಾರದರ್ಶಕ ಪೈಪು, ಇಷ್ಟು ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಮಟ್ಟ ತಪ್ಪು ತೋರಿಸುತ್ತದೆ, ಅದನ್ನು ಮೊದಲು ತಟ್ಟಿ ತೆಗೆಯಿರಿ.